ಜ್ವರ ಎಷ್ಟನೇ ದಿನದ್ದು? ರಕ್ತ ಪರೀಕ್ಷೆಗೆ ಮುನ್ನ ತಿಳಿದಿರಲಿ

ಮಳೆಗಾಲದಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲೂ ಡೆಂಗ್ಯೂವಿನ ಭಯವಿರುತ್ತದೆ. ರಕ್ತದ ರಿಪೋರ್ಟಿನಲ್ಲಿ 'ನೆಗೆಟಿವ್' ಎಂದಿದ್ದರೆ ಮನೆಯವರೆಲ್ಲ ನಿಶ್ಚಿಂತರಾಗುತ್ತಾರೆ. ಆದರೆ ಸಹೋದರಿಯರೇ, ಆ ರಕ್ತವನ್ನು ಜ್ವರದ ಎಷ್ಟನೇ ದಿನ ತೆಗೆದರು, ಯಾವ ಪರೀಕ್ಷೆ ಮಾಡಿದರು ಎಂದು ನಾವು ಕೇಳುತ್ತೇವೆಯೇ? ಇದು ತಿಳಿಯದೆ ಆ ರಿಪೋರ್ಟನ್ನು ನಂಬಿ ಕೂರುವುದು ಅಪಾಯಕಾರಿ.

ರೋಗಾಣು ಶರೀರವನ್ನು ಹೊಕ್ಕಾಗ ರಕ್ತದಲ್ಲಿ ಎರಡು ಬಗೆಯ ಗುರುತು ಸಿಗುತ್ತದೆ. ರೋಗಾಣುವಿನದೇ ಅಂಶ ಆಂಟಿಜನ್. ಅದನ್ನು ಎದುರಿಸಲು ನಮ್ಮ ಶರೀರ ತಯಾರಿಸುವುದು ಆಂಟಿಬಾಡಿ. ಡೆಂಗ್ಯೂವಿನ ಎನ್‌ಎಸ್-1 ಎಂಬ ಆಂಟಿಜನ್ ಜ್ವರದ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಬಳಿಕ ಕಡಿಮೆಯಾಗುತ್ತದೆ. ಐಜಿಎಂ ಎಂಬ ಆಂಟಿಬಾಡಿ ಸಾಮಾನ್ಯವಾಗಿ ಐದನೇ ದಿನದ ನಂತರವೇ ಸರಿಯಾಗಿ ಪತ್ತೆಯಾಗುತ್ತದೆ. ಎರಡನೇ ದಿನ ಐಜಿಎಂ ಮಾತ್ರ, ಎಂಟನೇ ದಿನ ಎನ್‌ಎಸ್-1 ಮಾತ್ರ ಹುಡುಕಿದರೆ ರೋಗವಿದ್ದರೂ ಕಣ್ತಪ್ಪಬಹುದು.

ಪರೀಕ್ಷೆಯಲ್ಲೂ ಎರಡು ವಿಧ. ಕಾರ್ಡ್ ಟೆಸ್ಟ್ ಅರ್ಧ ಗಂಟೆಯೊಳಗೆ ಗೆರೆ ತೋರಿಸುತ್ತದೆ. ಆದರೆ ರೋಗವನ್ನು ಖಚಿತಪಡಿಸಲು ಸರಕಾರದ ಕಾರ್ಯಕ್ರಮದಲ್ಲಿ ಬಳಸುವುದು 'ಎಲೈಸಾ' ಪರೀಕ್ಷೆ. ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಅದು ಕೆಂಪಾಗುವುದನ್ನು ನೀವು ಬಟ್ಟೆ ಒಗೆಯುವಾಗ ಕಂಡಿದ್ದೀರಿ. ಎಲೈಸಾದಲ್ಲೂ ಬಣ್ಣವೇ ಸಾಕ್ಷಿ. ಪುಟ್ಟ ಗುಳಿಗಳಿರುವ ಪ್ಲೇಟಿನಲ್ಲಿ ಮೊದಲೇ ಅಂಟಿಸಿಟ್ಟ ಆಂಟಿಬಾಡಿ, ರಕ್ತದಲ್ಲಿರುವ ಆಂಟಿಜನ್ನನ್ನು ಹಿಡಿದಿಡುತ್ತದೆ. ಉಳಿದದ್ದನ್ನು ತೊಳೆದು, ಕಿಣ್ವ ಜೋಡಿಸಿದ ಮತ್ತೊಂದು ಆಂಟಿಬಾಡಿ ಹಾಕುತ್ತಾರೆ. ಪುನಃ ತೊಳೆದು ಒಂದು ದ್ರಾವಣ ಬೆರೆಸಿದರೆ ಕಿಣ್ವ ಅದಕ್ಕೆ ಬಣ್ಣ ತರುತ್ತದೆ. ಆ ಬಣ್ಣವನ್ನು ಕಣ್ಣಿನಿಂದಲ್ಲ, ಯಂತ್ರದಿಂದ ಅಳೆಯುತ್ತಾರೆ. ಆದ್ದರಿಂದಲೇ ಅತ್ಯಲ್ಪ ಅಂಶವೂ ಸಿಕ್ಕಿಬೀಳುತ್ತದೆ.

ಈ ವಿದ್ಯೆಯ ಹಿಂದೆ ಇಬ್ಬರು ಮಹಿಳೆಯರ ಶ್ರಮವಿದೆ. ಅಮೆರಿಕದ ರೋಸಲಿನ್ ಯಾಲೋ, ಸಾಲಮನ್ ಬರ್ಸನ್ ಜೊತೆಗೂಡಿ ವಿಕಿರಣದ ನೆರವಿನಿಂದ ರಕ್ತದಲ್ಲಿನ ಇನ್ಸುಲಿನ್ ಅಳೆಯುವ ವಿಧಾನ ರೂಪಿಸಿದರು. ಅದಕ್ಕಾಗಿ 1977ರಲ್ಲಿ ಯಾಲೋ ನೊಬೆಲ್ ಪಡೆದರು. ವಿಕಿರಣದ ಬದಲು ಕಿಣ್ವ ಬಳಸುವ ಎಲೈಸಾವನ್ನು 1971ರಲ್ಲಿ ಸ್ವೀಡನ್ನಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದರು.

ಎಲೈಸಾಗೆ ಯಂತ್ರ, ತರಬೇತಾದ ತಂತ್ರಜ್ಞರು ಬೇಕು. ರಕ್ತದ ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕಾಗಿ ಬಂದರೆ ರಿಪೋರ್ಟ್ ತಡವಾಗುತ್ತದೆ. ಹಾಗೆಂದು ಚಿಕಿತ್ಸೆ ಕಾಯಬಾರದು. ಖರ್ಚಿನ ಭಯಕ್ಕೆ ಪರೀಕ್ಷೆ ಬಿಡುವವರೂ ಇದ್ದಾರೆ. 2024ರ ಜುಲೈನಲ್ಲಿ ರಾಜ್ಯ ಸರಕಾರ ಖಾಸಗಿ ಲ್ಯಾಬುಗಳಿಗೆ ಎನ್‌ಎಸ್-1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಎಂದು ಮಿತಿ ಹಾಕಿತ್ತು. ಮೊದಲು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮಗುವಿಗೆ ಜ್ವರ ಬಂದರೆ ತಾಯಿ ಗಂಟೆ ಗಂಟೆಗೂ ಹಣೆ ಮುಟ್ಟಿ ನೋಡುತ್ತಾಳೆ. ಅವಳದೇ ಜ್ವರಕ್ಕೆ ಮಾತ್ರ ದಿನದ ಲೆಕ್ಕವಿರುವುದಿಲ್ಲ. ಗರ್ಭಿಣಿಗಂತೂ ಈ ಉದಾಸೀನ ಸಲ್ಲದು. ಜ್ವರ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ವೈದ್ಯರಿಗೆ ಹೇಳಿ. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ, ರಿಪೋರ್ಟ್ ಏನೇ ಹೇಳಲಿ, ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರ ಇಳಿಯುವ ಹೊತ್ತಿನಲ್ಲೇ ಈ ಅಪಾಯ ಹೆಚ್ಚು.

ನೀರಿನ ಅಭಾವಕ್ಕಾಗಿ ತುಂಬಿಟ್ಟ ಡ್ರಮ್ಮುಗಳಲ್ಲಿ, ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪುಗಳಲ್ಲಿ ಈ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯನ್ನು ಉಜ್ಜಿ ತೊಳೆದು ಮುಚ್ಚಿಡಿ. ಶುಚಿತ್ವವೂ ಚಿಕಿತ್ಸೆಯೂ ನಮ್ಮ ಧರ್ಮ ಕಲಿಸಿದ ಪಾಠಗಳೇ. ಪ್ರಯತ್ನ ನಮ್ಮದು, ಗುಣ ನೀಡುವವನು ಅಲ್ಲಾಹನು.