ಎಲೆ ಲೆಕ್ಕ ಮೊದಲೇ ಬರೆದಿಡಿ

ಮದುವೆ ಮನೆಯಲ್ಲಿ ಹಣದ ಜಗಳಕ್ಕೆ ಮೋಸಗಾರರೇ ಬೇಕೆಂದಿಲ್ಲ, ‘ಎಲ್ಲಾ ನಾವ್ ನೋಡ್ಕೋತೀವಿ ಬಿಡಿ ಸಾರ್’ ಎಂಬ ಒಂದು ಮಾತು ಸಾಕು. ಆ ‘ಎಲ್ಲಾ’ದೊಳಗೆ ಏನೇನಿದೆ ಎಂದು ಆಗ ಯಾರೂ ಕೇಳುವುದಿಲ್ಲ. ಅಡುಗೆಯವರಿಗೆ ಐನೂರು ಎಲೆ ಹೇಳಿರುತ್ತೇವೆ, ಪಂಕ್ತಿಯಲ್ಲಿ ಬಿದ್ದದ್ದು ನಾನೂರಿಪ್ಪತ್ತು. ದುಡ್ಡು ಹೇಳಿದ ಎಲೆಗೋ, ಬಿದ್ದ ಎಲೆಗೋ? ಓಲಗದವರು, ಫೋಟೊದವರು, ಬಡಿಸುವ ಹುಡುಗರು ಉಂಡದ್ದು ಯಾರ ಲೆಕ್ಕಕ್ಕೆ? ಎಲೆ ಎಣಿಸುವಾಗ ನಮ್ಮ ಕಡೆಯವರೊಬ್ಬರು ಪಕ್ಕದಲ್ಲಿ ನಿಂತಿದ್ದರೇ? ಛತ್ರದ್ದೂ ಇದೇ ಕಥೆ. ಬಾಡಿಗೆ ಮೇಲೆ ಕರೆಂಟು, ಜನರೇಟರಿನ ಡೀಸೆಲ್, ಕ್ಲೀನಿಂಗು ಸೇರಿ, ಕೊನೆಗೆ ಎರಡು ಸೌಟು ಕಮ್ಮಿ ಎಂಬ ತಕರಾರಿನೊಂದಿಗೆ ಬಿಲ್ ಬರುತ್ತದೆ. ಬೀಗರು ಇನ್ನೂ ಹೊರಟಿರುವುದಿಲ್ಲ, ಗಂಟಲೆತ್ತಿ ಕೇಳುವಂತಿಲ್ಲ. ಒಳಗೆ ಹೋಗುವಾಗಲೇ ಮೀಟರಿನ ಫೋಟೊ ತೆಗೆದು, ಪಾತ್ರೆ ಎಣಿಸಿ ಸಹಿ ಹಾಕಿಸಿಕೊಂಡಿದ್ದರೆ ಈ ಮುಜುಗರ ಇರುತ್ತಿರಲಿಲ್ಲ.

‘ತಲೆಮಾರಿನಿಂದ ನಮ್ಮನೆ ಅಡುಗೆ ಮಾಡಿದವರು, ಅವರ ಹತ್ತಿರ ಕಾಗದ ಕೇಳೋದಾ?’ ಎನ್ನುವವರಿದ್ದಾರೆ. ಕೇಳಬೇಕಾದ್ದು ಅವರ ಹತ್ತಿರವೇ. ಹೊಸಬರೊಡನೆ ಜಗಳವಾದರೆ ದುಡ್ಡು ಹೋದೀತು, ಹಳಬರೊಡನೆಯಾದರೆ ನಂಟೂ ಹೋಗುತ್ತದೆ. ಛಾಪಾ ಕಾಗದವೇ ಬೇಕೆಂದಿಲ್ಲ, ಮಾತಾಡಿದ್ದನ್ನು ಅಂದೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ‘ಸರಿ’ ಎನಿಸಿಕೊಂಡರೂ ಸಾಕ್ಷಿಯಾದೀತು.

ಮುಂಗಡದ ವಿಷಯದಲ್ಲಿ ಮಾತ್ರ ಛತ್ರದವರ ವಾದವನ್ನು ತಳ್ಳಿಹಾಕಲಾಗದು. ವರ್ಷದಲ್ಲಿ ಒಳ್ಳೆಯ ಮುಹೂರ್ತಗಳೇ ಬೆರಳೆಣಿಕೆ, ಕೊನೆ ಗಳಿಗೆಯಲ್ಲಿ ಮದುವೆ ಮುರಿದರೆ ಅಂದಿನ ಗಳಿಕೆ ಹೋದಂತೆಯೇ. ಆದರೆ ಅದೇ ದಿನಕ್ಕೆ ಬೇರೆಯವರಿಗೆ ಬಾಡಿಗೆ ಕೊಟ್ಟ ಮೇಲೂ ‘ಅಡ್ವಾನ್ಸ್ ವಾಪಸಿಲ್ಲ’ ಎಂದು ರಸೀದಿಯ ಹಿಂಬದಿ ತೋರಿಸುವುದು ನ್ಯಾಯವಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವಷ್ಟೇ. ರದ್ದಾದರೆ ಎಷ್ಟು ದಿನ ಮೊದಲಿಗೆ ಎಷ್ಟು ವಾಪಸು ಎಂದು ಹಂತ ಹಂತವಾಗಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ಇಷ್ಟಾಗಿಯೂ ಕೆಟ್ಟರೆ? ಕೋರ್ಟು ಅಲೆಯುವುದಕ್ಕಿಂತ ದುಡ್ಡು ಬಿಡುವುದೇ ಮೇಲೆಂದು ಹಲವರು ಸುಮ್ಮನಾಗುತ್ತಾರೆ. ಗ್ರಾಹಕ ಆಯೋಗಗಳಲ್ಲಿ ಪ್ರಕರಣ ಎಳೆಯುವುದು ಸುಳ್ಳೂ ಅಲ್ಲ. ಆದರೆ ಅಲ್ಲಿಯವರೆಗೆ ಹೋಗುವ ಮುನ್ನ ಲಿಖಿತ ನೋಟಿಸ್ ಕೊಡಬಹುದು, 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋದರೂ, ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎಚ್ಚರ ತಪ್ಪುವುದು ಆಲ್ಬಮ್ಮಿನ ವಿಷಯದಲ್ಲಿ. ಪೂರ್ತಿ ದುಡ್ಡು ಮೊದಲೇ ಕೊಟ್ಟು, ‘ಮುಂದಿನ ವಾರ ಕೊಡ್ತೀನಿ ಸಾರ್’ ಎಂಬುದನ್ನು ನಂಬುತ್ತಾ ಹೋದರೆ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಎರಡು ವರ್ಷದ ಅವಧಿ ಅಷ್ಟರಲ್ಲೇ ಕಳೆದುಹೋಗುತ್ತದೆ. ಕೊನೆಯ ಕಂತನ್ನು ಆಲ್ಬಮ್ ಕೈಗೆ ಬಂದ ಮೇಲೆ ಕೊಡುವ ಮಾತು ಬುಕಿಂಗ್ ದಿನವೇ ಆಗಬೇಕು.