ಬೀದಿಗಿಳಿಯುವ ಮೊದಲು ಆಡುವ ಆಟ

ವಿಜಯದಶಮಿಯ ಮಧ್ಯಾಹ್ನ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಉದ್ದಕ್ಕೂ ಜನವೋ ಜನ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಅದೇ ಹೊತ್ತಿಗೆ ಉದಯಗಿರಿಯ ಮನೆಯೊಂದರಲ್ಲಿ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತೆನ್ನಿ. ಮನೆಯವರು 108ಕ್ಕೆ ಕರೆ ಮಾಡುತ್ತಾರೆ. ಕೆ.ಆರ್. ಆಸ್ಪತ್ರೆ ದೂರವೇನಿಲ್ಲ. ಆದರೆ ನಡುವೆ ಜಂಬೂ ಸವಾರಿ ಸಾಗುತ್ತಿದೆ. ಆಂಬುಲೆನ್ಸ್ ಎಲ್ಲಿ ನಿಂತಿರಬೇಕಿತ್ತು? ಯಾವ ಆಸ್ಪತ್ರೆಯತ್ತ ತಿರುಗಬೇಕು?

ಇಂಥ ಪ್ರಶ್ನೆಗೆ ಹಬ್ಬದ ದಿನವೇ ಪ್ರಯೋಗ ಮಾಡಿ ಉತ್ತರ ಹುಡುಕುವಂತಿಲ್ಲ. ಹೃದಯ ನಿಂತವರ ಎದೆಯನ್ನು ಯಾರೂ ಒತ್ತದಿದ್ದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಹಾಗಾಗಿ ಊರನ್ನೇ ಕಂಪ್ಯೂಟರಿನೊಳಗೆ ಕಟ್ಟಿ, ತಪ್ಪುಗಳನ್ನೆಲ್ಲ ಅಲ್ಲಿಯೇ ಮಾಡಿ ಮುಗಿಸುವ ವಿದ್ಯೆಯೊಂದಿದೆ. ಅದರ ಹೆಸರು ಸಿಮ್ಯುಲೇಶನ್. ಅಣಕು ಕಾರ್ಯಾಚರಣೆಯನ್ನು ವರ್ಷಕ್ಕೊಮ್ಮೆ ಮಾಡುತ್ತೇವಲ್ಲ, ಅದನ್ನು ಒಂದು ರಾತ್ರಿಯಲ್ಲಿ ಸಾವಿರ ಸಲ ಮಾಡುವ ಬಗೆ ಇದು.

ಮೈಸೂರಿಗೆ ಹಾಸಿನ ಮೇಲೆ ಕಾಯಿ ನಡೆಸುವುದು ಹೊಸದಲ್ಲ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ನಡೆಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿದ್ದರು. ನಮ್ಮ ಮನೆಗಳಲ್ಲಿ ಕವಡೆ ಹಾಕಿ ಚೌಕಾಬಾರ ಆಡಿದವರು ಇಂದಿಗೂ ಇದ್ದಾರೆ. ಸಿಮ್ಯುಲೇಶನ್ನಿನಲ್ಲಿ ಹಾಸು ಎಂದರೆ ಊರಿನ ರಸ್ತೆಗಳ ನಕ್ಷೆ, ಕಾಯಿ ಎಂದರೆ ಆಂಬುಲೆನ್ಸ್. ಮುಂದಿನ ಕರೆ ಯಾವಾಗ, ಎಲ್ಲಿಂದ ಎಂಬುದನ್ನು ಹೇಳುವುದು ಕವಡೆ. ಆದರೆ ಈ ಕವಡೆಯನ್ನು ಹಿಂದಿನ ಕರೆಗಳ ದಾಖಲೆ ನೋಡಿ ತಯಾರಿಸಿರುತ್ತಾರೆ. ಯಾವ ಬಡಾವಣೆ, ಯಾವ ಗಂಟೆ, ಯಾವ ವಾರ ಎಂಬುದಕ್ಕೆ ತಕ್ಕಂತೆ ಅದು ಬೀಳುತ್ತದೆ.

ಆಟದ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. 10:07, ವಿದ್ಯಾರಣ್ಯಪುರಂನಿಂದ ಕರೆ. 10:09, ವಾಹನ ಹೊರಟಿತು. 10:18, ಮನೆ ಬಾಗಿಲು. 10:30, ರೋಗಿಯನ್ನು ಹತ್ತಿಸಿಕೊಂಡು ಹೊರಟಿತು. 10:44, ಆಸ್ಪತ್ರೆ ಬಾಗಿಲು. 11:07, ಸ್ಟ್ರೆಚರ್ ಕೈಗೆ ಬಂತು, ವಾಹನ ಬಿಡುವಾಯಿತು. ಕಂಪ್ಯೂಟರ್ ಕಾಲವನ್ನು ನಿಮಿಷ ನಿಮಿಷ ತಳ್ಳುತ್ತ ಕೂರುವುದಿಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ನೆಗೆಯುತ್ತದೆ. ನಡುವೆ 10:26ಕ್ಕೆ ಹೆಬ್ಬಾಳದಿಂದ ಇನ್ನೊಂದು ಕರೆ ಬಂದರೆ, ಬಿಡುವಾಗಿರುವ ವಾಹನಗಳಲ್ಲಿ ಹತ್ತಿರದ್ದನ್ನು ಹುಡುಕುತ್ತದೆ. ಒಂದೂ ಇಲ್ಲದಿದ್ದರೆ, ಹಾಗೆಂದೇ ಬರೆದಿಡುತ್ತದೆ.

ಹೀಗೆ ಬರೆದಿಟ್ಟ ಸಾಲುಗಳಿಂದ ಏನು ತಿಳಿಯುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ. ಸರಾಸರಿ 20 ನಿಮಿಷಕ್ಕೊಂದು ಕರೆ ಬರುತ್ತದೆ, ಪ್ರತಿ ಕರೆಗೂ ವಾಹನ 60 ನಿಮಿಷ ದುಡಿಯುತ್ತದೆ ಎಂದುಕೊಳ್ಳಿ. ಸರಾಸರಿ ನಂಬಿದರೆ 3 ವಾಹನ ಸಾಕು. ಆದರೆ ಕರೆಗಳು ಸರದಿಯಲ್ಲಿ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ ಬಂದರೆ, ಇನ್ನೊಮ್ಮೆ ಗಂಟೆಗಟ್ಟಲೆ ಸದ್ದಿಲ್ಲ. ವಾಹನ ಸಿಗದವರು ಆಟೊ ಹಿಡಿದು ಹೋಗುತ್ತಾರೆ ಎಂದಿಟ್ಟುಕೊಂಡು, ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ತಂತಿಗಳಿಗಾಗಿ 1917ರಲ್ಲಿ ಕೊಟ್ಟ ಸೂತ್ರವನ್ನು ಇಲ್ಲಿ ಹಾಕಿದರೆ, 3 ವಾಹನವಿದ್ದಾಗ ಮೂವರಲ್ಲಿ ಒಬ್ಬರಿಗೆ ಸಿಗುವುದಿಲ್ಲ. 4 ಇದ್ದರೆ ಐವರಲ್ಲಿ ಒಬ್ಬರಿಗೆ, 5 ಇದ್ದರೆ ಒಂಬತ್ತರಲ್ಲಿ ಒಬ್ಬರಿಗೆ ಇಲ್ಲ. ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ನಾಲ್ಕೇ ವಾಹನ ಇಟ್ಟುಕೊಂಡು, ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ಹತ್ತು ನಿಮಿಷ ಬೇಗ ಬಿಡಿಸಿಕೊಟ್ಟರೆ, ಐದನೆಯ ವಾಹನ ಕೊಂಡಾಗ ಆಗುವ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ದಕ್ಕುತ್ತದೆ!

ಸೂತ್ರದ ಕೈ ಇಲ್ಲಿಗೆ ಮುಗಿಯಿತು. ಯಾವ ವೃತ್ತ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ ಎಂಬುದೆಲ್ಲ ಸೇರಿದಾಗ ಆಡಿಯೇ ನೋಡಬೇಕು. ನ್ಯೂಯಾರ್ಕಿನ ಆಂಬುಲೆನ್ಸ್‌ಗಳನ್ನು ಹೀಗೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಅಧ್ಯಯನವನ್ನು ಇ.ಎಸ್. ಸಾವಾಸ್ 1969ರಲ್ಲೇ ಪ್ರಕಟಿಸಿದ್ದರು. ವಾಹನಗಳನ್ನು ಆಸ್ಪತ್ರೆಯಂಗಳದಲ್ಲಿ ಗುಂಪಾಗಿ ನಿಲ್ಲಿಸುವುದಕ್ಕಿಂತ ಕರೆ ಬರುವ ಕಡೆ ಹಂಚಿ ನಿಲ್ಲಿಸುವುದು ಮೇಲು ಎಂದು ಅದು ತೋರಿಸಿತು. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರಿನಲ್ಲಿ. ಕರೆಯೊಂದೊಂದರ ಹೊತ್ತು, ಜಾಗ ದಾಖಲಾಗುವ ಇಂಥ ವ್ಯವಸ್ಥೆಯೇ ಈ ಆಟಕ್ಕೆ ಬೇಕಾದ ಕಚ್ಚಾವಸ್ತು.

ಈ ಕೆಲಸ ಬಲ್ಲವರ ಶಿಸ್ತು ಮೆಚ್ಚುವಂಥದ್ದು. ಮೊದಲು ಹೋದ ವರ್ಷದ ಕರೆಗಳನ್ನು ಮಾದರಿಗೆ ಉಣಿಸಿ, ಅದು ಕೊಟ್ಟ ಹೊತ್ತು ನಿಜಕ್ಕೂ ಹಿಡಿದ ಹೊತ್ತಿಗೆ ತಾಳೆಯಾಗುತ್ತದೆಯೇ ನೋಡುತ್ತಾರೆ. ಆಗದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಎರಡು ಯೋಜನೆಗಳನ್ನು ತೂಗುವಾಗ ಎರಡಕ್ಕೂ ಅದದೇ ಕರೆಗಳ ಸಾಲು ಕೊಡುತ್ತಾರೆ. ಗೆದ್ದದ್ದು ಯೋಜನೆಯೋ ಅದೃಷ್ಟವೋ ಎಂಬ ಅನುಮಾನ ಉಳಿಯಬಾರದು. ಸರಾಸರಿ ಹೊತ್ತು ನೋಡಿ ಸಮಾಧಾನಪಡುವುದೂ ಇಲ್ಲ. ಎಲ್ಲರಿಗಿಂತ ತಡವಾಗಿ ನೆರವು ಸಿಕ್ಕಿದ್ದು ಯಾರಿಗೆ, ಯಾವ ಬೀದಿಯಲ್ಲಿ ಎಂದು ಹುಡುಕುತ್ತಾರೆ.

ಉದಯಗಿರಿಯ ಕರೆಗೆ ಮರಳೋಣ. ಆ ದಿನ ಮೆರವಣಿಗೆಯ ರಸ್ತೆಯನ್ನು ನಕ್ಷೆಯಲ್ಲಿ ಮುಚ್ಚಿ ಓಡಿಸಿದರೆ ಊರು ಎರಡು ಹೋಳಾಗುವುದು ಪರದೆಯ ಮೇಲೆ ಕಣ್ಣಿಗೆ ಕಟ್ಟುತ್ತದೆ. ಆನೆಗಳು ಹೊರಡುವ ಮೊದಲೇ ಎರಡೂ ಬದಿಗೆ ವಾಹನ ಹಂಚಬೇಕು. ಪೂರ್ವದ ಬಡಾವಣೆಗಳಿಂದ ಮೆರವಣಿಗೆಯನ್ನು ದಾಟದೆ ಮಹಾತ್ಮ ಗಾಂಧಿ ರಸ್ತೆಯ ಜೆಎಸ್‌ಎಸ್ ಆಸ್ಪತ್ರೆಗೆ ಹೋಗುವ ದಾರಿಯನ್ನು ತೆರೆದಿಡಬೇಕು. ಊರೆಲ್ಲ ಅಂಬಾರಿಯತ್ತ ಮುಖ ಮಾಡಿರುವಾಗ ಒಬ್ಬ ಚಾಲಕ ಗಲ್ಲಿಯ ತಿರುವಿನಲ್ಲಿ ಅದಕ್ಕೆ ಬೆನ್ನು ಹಾಕಿ ಕಾದಿರುತ್ತಾನೆ. ಅವನು ಅಲ್ಲೇ ನಿಲ್ಲಬೇಕೆಂದು, ಸಾವಿರ ದಸರೆಗಳನ್ನು ಆಡಿ ಮುಗಿಸಿದವರು ಹೇಳಿರುತ್ತಾರೆ.