ಎಷ್ಟು ಉಳಿದರೆ ಅದೇ ಕಾರು?

ಹಳೆಯ ಕಾರುಗಳ ಪ್ರದರ್ಶನಕ್ಕೆ ಬರುವವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಮಾರಿದರೆ ಎಷ್ಟು ಬರುತ್ತದೆ. ಮೊದಲನೆಯದಕ್ಕೆ ಐದಾರು ಎಂದೂ, ಎರಡನೆಯದಕ್ಕೆ ಜೆ.ಸಿ. ರಸ್ತೆಯಿಂದ ಅಮೆರಿಕದವರೆಗೆ ಎಂದೂ ಉತ್ತರಿಸಿ, ಮೂರನೆಯದಕ್ಕೆ ನಕ್ಕು ಸುಮ್ಮನಾಗುವುದು ನನ್ನ ವಾಡಿಕೆ. ತೊಡಕಿರುವುದು ಅಪರೂಪಕ್ಕೆ ಯಾರಾದರೂ ಕೇಳುವ ನಾಲ್ಕನೆಯ ಪ್ರಶ್ನೆಯಲ್ಲಿ: ‘ಇದರಲ್ಲಿ ಎಲ್ಲವೂ ಒರಿಜಿನಲ್ಲೇ?’ ಹದಿನೈದು ವರ್ಷಗಳಿಂದ ಒಂದು ಅಮೆರಿಕನ್ ಕಾರನ್ನು ಬಿಚ್ಚಿ, ಜೋಡಿಸಿ, ಓಡಿಸಿಕೊಂಡು ಬಂದಿರುವ ನನಗೆ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಕ್ಕಿಲ್ಲ.

ನನ್ನದು 1953ರ ಡಾಡ್ಜ್ ಕಿಂಗ್ಸ್‌ವೇ. ವಿನ್ಯಾಸ ಡೆಟ್ರಾಯಿಟ್‌ನದು; ಜೋಡಿಸಿದ್ದು ಮುಂಬಯಿಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿಗೇ ಡಾಡ್ಜ್ ಹೆಸರು ಹಚ್ಚಿ ಹೊರದೇಶಗಳಿಗೆಂದು ರೂಪಿಸಿದ ಮಾದರಿಯಿದು. ಈ ಕಾರಿಗೂ ಕನ್ನಡನಾಡಿಗೂ ಒಂದು ಹಳೆಯ ನಂಟಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ಕೆಲಸ ಮಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು ಕ್ರೈಸ್ಲರ್ ಜೊತೆ ಮಾತುಕತೆ ನಡೆಸಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಯತ್ನವೂ ನಡೆಯಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಕೈಗೂಡಲಿಲ್ಲ. ಬೆಂಗಳೂರಿಗೆ 1940ರಲ್ಲಿ ಅದೇ ವಾಲ್‌ಚಂದ್ ಅವರಿಂದ ವಿಮಾನ ಕಾರ್ಖಾನೆ ಬಂತು. ಕಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಅಲ್ಲಿ 1947ರಲ್ಲಿ ಕಾರುಗಳ ಜೋಡಣೆ ಆರಂಭವಾಯಿತು. ಇತಿಹಾಸ ಸ್ವಲ್ಪ ಬೇರೆ ದಾರಿ ಹಿಡಿದಿದ್ದರೆ ನನ್ನ ಕಾರಿನ ಫಲಕದ ಮೇಲೆ ‘ಬೆಂಗಳೂರು’ ಎಂದಿರುತ್ತಿತ್ತೇನೋ.

ಅಮೆರಿಕದ ಕಂಪನಿಗಳು ಇಲ್ಲಿಗೆ ಬಂದದ್ದು ಅದಕ್ಕೂ ಮೊದಲೇ. ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಕಾಲೂರಿದ್ದವು. ಹೊರಗಿನಿಂದ ತಂದ ಭಾಗಗಳನ್ನು ಬರಿದೇ ಜೋಡಿಸುವವರು, ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದಿದ್ದರೆ ಬಾಗಿಲು ಮುಚ್ಚಬೇಕೆಂದು ಸರ್ಕಾರ 1953ರಲ್ಲಿ ತೀರ್ಮಾನಿಸಿದ ಮೇಲೆ ಇಬ್ಬರೂ ಹೊರಟುಹೋದರು. ಪ್ರೀಮಿಯರ್ ಉಳಿದರೂ ಅದರ ಗಮನ ಫಿಯೆಟ್‌ನ ಪುಟ್ಟ ಕಾರಿನತ್ತ ಹೊರಳಿತು. ಹೀಗೆ ದೇಶದ ರಸ್ತೆಗಳಲ್ಲಿದ್ದ ಷೆವರ್ಲೆ, ಬ್ಯೂಕ್, ಡಾಡ್ಜ್, ಪ್ಲಿಮತ್‌ಗಳು ತವರಿನ ಸಂಪರ್ಕ ಕಡಿದ ಹೆಣ್ಣುಮಕ್ಕಳಂತೆ ಇಲ್ಲಿಯೇ ಬಾಳು ಸಾಗಿಸಬೇಕಾಯಿತು. ಕ್ರಾಂತಿಯ ನಂತರದ ಕ್ಯೂಬಾದಲ್ಲಿ ಅಮೆರಿಕನ್ ಕಾರುಗಳಿಗೆ ಸೋವಿಯತ್ ಎಂಜಿನ್ ಕೂರಿಸಿ ಓಡಿಸಿದ ಕಥೆ ಜಗತ್ತಿಗೆಲ್ಲ ಗೊತ್ತು. ನಮ್ಮಲ್ಲಿಯೂ ಅಂಥದೇ ನಡೆಯಿತು, ಯಾರೂ ಅದರ ಚಿತ್ರ ತೆಗೆದು ಭಿತ್ತಿಪತ್ರ ಮಾಡಲಿಲ್ಲ ಅಷ್ಟೆ. ಪೆಟ್ರೋಲ್ ಎಂಜಿನ್ ಇಳಿಸಿ, ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ ಏರಿಸುವುದು ಗ್ಯಾರೇಜುಗಳ ನಿತ್ಯದ ಕೆಲಸವಾಯಿತು. ಮುಂಬಯಿಯಲ್ಲಿ ಡಾಡ್ಜ್, ಪ್ಲಿಮತ್‌ಗಳು ಹಳದಿ-ಕಪ್ಪು ಟ್ಯಾಕ್ಸಿಗಳಾಗಿ ದಶಕಗಳ ಕಾಲ ದುಡಿದವು.

ನನ್ನ ಕಾರು ಅವುಗಳಲ್ಲೊಂದು. ಕೊಂಡಾಗ ಅದರ ಮೈಮೇಲೆ ತಿಳಿನೀಲಿ ಬಣ್ಣವಿತ್ತು. ಕೆರೆಯುತ್ತ ಹೋದಂತೆ ನೀಲಿಯ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಕಪ್ಪು, ಚಾವಣಿಯಲ್ಲಿ ಹಳದಿ, ಎಲ್ಲಕ್ಕಿಂತ ಕೆಳಗೆ ಬೂದುಹಸಿರು. ಮುಂದಿನ ಎಡ ಮಡ್ಗಾರ್ಡಿನಲ್ಲಿ ಹಿತ್ತಾಳೆ ಬೆಸುಗೆಯಿಂದ ಮುಚ್ಚಿದ ಎರಡು ತೂತುಗಳು ಕಂಡವು: ಟ್ಯಾಕ್ಸಿ ಮೀಟರ್ ಕೂರಿಸಿದ್ದ ಜಾಗ. ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದದ್ದು ಬೂದುಹಸಿರು. ಆದರೆ ಕಾರು ಅತಿ ಹೆಚ್ಚು ವರ್ಷ ಬದುಕಿದ್ದು ಹಳದಿ-ಕಪ್ಪಿನಲ್ಲಿ. ಹಾಗಾದರೆ ಮೂಲ ಯಾವುದು? ನಾನು ಬೂದುಹಸಿರನ್ನು ಆರಿಸಿಕೊಂಡೆ. ಆದರೆ ಡಿಕ್ಕಿಯ ಮುಚ್ಚಳದ ಒಳಭಾಗದಲ್ಲಿ ಅಂಗೈಯಗಲ ಜಾಗವನ್ನು ಪದರಗಳು ಕಾಣುವಂತೆ ಹಾಗೆಯೇ ಬಿಟ್ಟಿದ್ದೇನೆ. ಮಡ್ಗಾರ್ಡಿನ ಬೆಸುಗೆಯನ್ನೂ ತೆಗೆಯಲಿಲ್ಲ. ಬಣ್ಣದಡಿಯಲ್ಲಿ ಬೆರಳಿಗೆ ಈಗಲೂ ಅದು ತಾಗುತ್ತದೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಪುನರುಜ್ಜೀವನದ ಹೆಸರಿನಲ್ಲಿ ನಮ್ಮಲ್ಲಿ ನಡೆಯುತ್ತಿರುವ ಬಹುಪಾಲು ಕೆಲಸ ಹಳೆಯ ಕಾರನ್ನು ಅಳಿಸಿ ಹೊಸದೊಂದನ್ನು ಕಟ್ಟುವುದೇ ಆಗಿದೆ. ಬಾಡಿಯನ್ನು ಬೆತ್ತಲೆ ಉಕ್ಕಿನವರೆಗೆ ಉಜ್ಜಿ, ಪಾಲಿಯುರೆಥೇನ್ ಬಣ್ಣ ಬಳಿದು, ಕನ್ನಡಿಯಂತೆ ಹೊಳೆಯಿಸಲಾಗುತ್ತದೆ. ಅಂಥ ಹೊಳಪು 1950ರ ದಶಕದ ಯಾವ ಕಾರಿಗೂ ಇರಲಿಲ್ಲ. ಸೀಟಿನ ಹಳೆಯ ಬಟ್ಟೆ ಕಿತ್ತು ಬಿಳಿ ರೆಕ್ಸಿನ್ ಹೊದಿಸುತ್ತಾರೆ. ಮೊದಲ ಒಡೆಯ ತುಳಿದು ಸವೆಸಿದ ಕ್ಲಚ್ ಪೆಡಲಿನ ರಬ್ಬರು ಕಸದ ಬುಟ್ಟಿಗೆ ಹೋಗುತ್ತದೆ. ಬಹುಮಾನವೂ ಇಂಥವುಗಳಿಗೇ ಸಿಗುವುದರಿಂದ ಯಾರನ್ನೂ ದೂರುವಂತಿಲ್ಲ. ಅಮೆರಿಕದಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಆದರೆ ಅಲ್ಲಿನ ಅತ್ಯಂತ ಪ್ರತಿಷ್ಠಿತವಾದ ಪೆಬಲ್ ಬೀಚ್ ಪ್ರದರ್ಶನದಲ್ಲಿ, ಪುನರುಜ್ಜೀವನಗೊಳ್ಳದೆ ಇದ್ದಂತೆಯೇ ಉಳಿದ ಕಾರುಗಳಿಗೆಂದು 2001ರಲ್ಲಿ ಪ್ರತ್ಯೇಕ ವಿಭಾಗವೇ ಆರಂಭವಾಯಿತು. ಬಣ್ಣ ಬಿರಿದ, ಚರ್ಮ ಸುಕ್ಕಾದ ಕಾರುಗಳನ್ನು ತೀರ್ಪುಗಾರರು ಮೆಚ್ಚಿ ನೋಡುವುದು ಈಗ ಅಲ್ಲಿ ಸಾಮಾನ್ಯ. ಬಣ್ಣವನ್ನು ಯಾವಾಗ ಬೇಕಾದರೂ ಹೊಸದಾಗಿ ಬಳಿಯಬಹುದು. ಕೆರೆದು ತೆಗೆದ ಹಳೆಯ ಬಣ್ಣವನ್ನು ಮರಳಿ ತರುವಂತಿಲ್ಲ. ನಮ್ಮ ದೇವಾಲಯಗಳ ಕಲ್ಲುಕೆತ್ತನೆಗೆ ಆಯಿಲ್ ಪೇಂಟ್ ಬಳಿದಾಗ ಬೇಸರಿಸುವ ನಾವು ಕಾರಿನ ವಿಷಯದಲ್ಲಿ ಮಾತ್ರ ಇಷ್ಟು ಉದಾರಿಗಳಾಗುವುದೇಕೆ?

ಹೊಳಪಿನ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ಸಂಗತಿಯೆಂದರೆ ಈ ಯಂತ್ರಗಳನ್ನು ಅರಿಯುವುದರಲ್ಲಿರುವ ಸುಖ. ಕ್ರೈಸ್ಲರ್ ಎಂಜಿನಿಯರುಗಳಿಗೆ ಅವರದೇ ಆದ ಹಟಗಳಿದ್ದವು. ಕಾರಿನ ಎಡಬದಿಯ ಚಕ್ರಗಳ ಬೋಲ್ಟುಗಳಿಗೆ ಎಡಮರೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತವೆ. ಓಡುವಾಗ ಬೋಲ್ಟು ತಾನಾಗಿ ಕಳಚದಿರಲಿ ಎಂಬ ಮುಂಜಾಗ್ರತೆಯಿದು. ಇದನ್ನರಿಯದ ಪಂಕ್ಚರ್ ಅಂಗಡಿಗಳಲ್ಲಿ ಎಷ್ಟು ಬೋಲ್ಟುಗಳು ಮುರಿದಿವೆಯೋ ಲೆಕ್ಕವಿಲ್ಲ. ಆರು ಸಿಲಿಂಡರಿನ, ಸುಮಾರು 3.6 ಲೀಟರಿನ ಈ ಎಂಜಿನ್‌ನಲ್ಲಿ ವಾಲ್ವುಗಳು ಮೇಲಿಲ್ಲ, ಸಿಲಿಂಡರಿನ ಪಕ್ಕದಲ್ಲಿವೆ. ಅವುಗಳ ಸುತ್ತ ತಣ್ಣೀರು ಹಾಯಿಸಲು ಬ್ಲಾಕಿನ ಒಳಗೆ ಉದ್ದಕ್ಕೂ ತೂತುಗಳುಳ್ಳ ಒಂದು ತೆಳುವಾದ ಕೊಳವೆ ಇದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ತುಕ್ಕು ಹಿಡಿದು ಅದು ಉದುರಿಹೋದರೆ ಮುಂದಿನ ಸಿಲಿಂಡರುಗಳು ತಂಪಾಗಿಯೇ ಇದ್ದು ಹಿಂದಿನವು ಬೇಯುತ್ತವೆ, ವಾಲ್ವುಗಳು ಸುಡುತ್ತವೆ. ‘ಹಳೇ ಗಾಡಿ ಸಾರ್, ಬಿಸಿಯಾಗೋದು ಸಹಜ’ ಎಂದು ರೇಡಿಯೇಟರನ್ನು ಮತ್ತೆ ಮತ್ತೆ ತೊಳೆಸಿದವರನ್ನು ನಾನು ಬಲ್ಲೆ. ರೇಡಿಯೇಟರು, ನೀರಿನ ಪಂಪು ಎರಡನ್ನೂ ಕಳಚಿ, ತುಕ್ಕಿನೊಂದಿಗೆ ಒಂದಾಗಿಹೋದ ಆ ಕೊಳವೆಯನ್ನು ಕೊಕ್ಕೆ ಹಾಕಿ ಅಂಗುಲ ಅಂಗುಲವಾಗಿ ಎಳೆಯುವುದು ಎರಡು ದಿನದ ಕೆಲಸ. ಎಳೆದ ಮೇಲೆ ಕಾರು ಬೇಸಿಗೆಯಲ್ಲಿಯೂ ತಣ್ಣಗೆ ಓಡುತ್ತದೆ.

ವಿದ್ಯುತ್ತಿನ ವಿಷಯವೂ ಅಷ್ಟೆ. ಅಂದಿನ ಈ ಕಾರುಗಳದು ಆರು ವೋಲ್ಟಿನ ವ್ಯವಸ್ಥೆ. ಅದೂ ಬ್ಯಾಟರಿಯ ಧನಾಗ್ರವನ್ನು ಷಾಸಿಗೆ ಜೋಡಿಸಿರುತ್ತಾರೆ. ವೋಲ್ಟೇಜ್ ಅರ್ಧವಾದರೆ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು, ಅದಕ್ಕೆ ದಪ್ಪ ತಂತಿ ಬೇಕು. ಇಂದಿನ ಅಂಗಡಿಯ ಸಪೂರ ಕೇಬಲ್ ಹಾಕಿದರೆ ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತಿಣುಕುತ್ತದೆ. ತಪ್ಪನ್ನು ಆರು ವೋಲ್ಟಿನ ಮೇಲೆ ಹೊರಿಸಿ ಇಡೀ ಕಾರನ್ನು ಹನ್ನೆರಡಕ್ಕೆ ಬದಲಿಸಿಬಿಡುತ್ತಾರೆ. ದಪ್ಪ ತಾಮ್ರದ ಕೇಬಲ್ಲಿಗೆ ತಗಲುವ ಖರ್ಚು ಅದರ ಕಾಲುಭಾಗವೂ ಅಲ್ಲ.

ಇನ್ನು ಕಾನೂನು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಸರಣಿ ರೂಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ ಹತ್ತು ವರ್ಷ. ಹಳೆಯ ವಾಹನವೆಂದರೆ ಗುಜರಿ ಎಂಬ ಭಾವನೆ ಬಲಿಯುತ್ತಿರುವಾಗ ಇದು ಸ್ವಾಗತಾರ್ಹ ಕ್ರಮವೇ. ಆದರೆ ಅದರಲ್ಲಿ ಎರಡು ಷರತ್ತುಗಳಿವೆ. ಒಂದು, ವಾಹನ ಮೂಲರೂಪದಲ್ಲಿರಬೇಕು. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಎರಡು, ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ, ದುರಸ್ತಿಯಂಥ ಕೆಲಸಗಳ ಹೊರತು ದಿನನಿತ್ಯದ ಬಳಕೆಗೆ ರಸ್ತೆಗಿಳಿಸುವಂತಿಲ್ಲ.

ಮೊದಲ ಷರತ್ತು ಕೇಳಲು ಸರಳ. ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಪ್ರಾಧ್ಯಾಪಕರು. ಅವರ ಪ್ಲಿಮತ್‌ನಲ್ಲಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಇದೆ. ಅದನ್ನು ಕಳಚಲು ಅವರು ಒಪ್ಪುವುದಿಲ್ಲ. ‘ಈ ಎಂಜಿನ್ ಮೂವತ್ತು ವರ್ಷ ಒಂದು ಸಂಸಾರಕ್ಕೆ ಅನ್ನ ಹಾಕಿದೆ. ಇದು ಇತಿಹಾಸವಲ್ಲದೆ ಇನ್ನೇನು? ನೀವು ಮಾಡಿದ್ದೇ ಮಾರ್ಪಾಡು’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ನಾನು ನನ್ನ ಕಾರಿನ ಡೀಸೆಲ್ ಇಳಿಸಿ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಅದೇ ವಂಶದ ಪೆಟ್ರೋಲ್ ಎಂಜಿನ್ ಏರಿಸಿದವನು. ಕಾರ್ಖಾನೆಯ ವಿನ್ಯಾಸಕ್ಕೆ ನನ್ನದು ಹತ್ತಿರ. ಕಾರು ನಿಜವಾಗಿ ಬಾಳಿದ ಬಾಳಿಗೆ ಅವರದು ಹತ್ತಿರ. ಭಾರತದ ಬಡತನ, ಆಮದು ನಿರ್ಬಂಧ, ಗ್ಯಾರೇಜಿನ ಜಾಣ್ಮೆ ಮೂರೂ ಸೇರಿ ಹುಟ್ಟಿಸಿದ ಆ ಡೀಸೆಲ್ ಪ್ಲಿಮತ್ ಅಮೆರಿಕದ ಯಾವ ಸಂಗ್ರಹದಲ್ಲೂ ಇರಲಾರದ ವಸ್ತು. ನಿಯಮ ರೂಪಿಸುವವರು ಐವತ್ತು ವರ್ಷಕ್ಕೂ ಹಿಂದೆ ಆದ ಮಾರ್ಪಾಡನ್ನು ನಿನ್ನೆಯ ಮಾರ್ಪಾಡಿನಿಂದ ಬೇರ್ಪಡಿಸಿ ನೋಡಬೇಕೆಂದು ನನಗನಿಸುತ್ತದೆ. ನಾನು ಇಳಿಸಿದ ಡೀಸೆಲ್ ಎಂಜಿನ್ನನ್ನು ಮಾರಿಲ್ಲ. ಚೀಟಿ ಅಂಟಿಸಿ ಷೆಡ್ಡಿನಲ್ಲಿಟ್ಟಿದ್ದೇನೆ. ಏನನ್ನು ಯಾವಾಗ ಬದಲಿಸಿದೆ ಎಂಬುದಕ್ಕೊಂದು ಪುಸ್ತಕವೂ ಇದೆ. ಮುಂದೆ ಈ ಕಾರನ್ನು ಕೊಳ್ಳುವವರಿಗೆ ಬೇಡವೆನಿಸಿದರೆ ನನ್ನ ಆಯ್ಕೆಯನ್ನು ಅವರು ತಿರುವಿಹಾಕಬಹುದು.

ಎರಡನೆಯ ಷರತ್ತಿನ ಕಾರಣದಿಂದ ನಾನಿನ್ನೂ ‘ವಿಎ’ ಸರಣಿಗೆ ಅರ್ಜಿ ಹಾಕಿಲ್ಲ. ನಿಂತ ಕಾರು ಕೆಡುತ್ತದೆ. ಬ್ರೇಕ್ ಆಯಿಲು ತೇವ ಹೀರಿ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ, ವಾಲ್ವುಗಳು ಅಂಟುತ್ತವೆ, ಟೈರುಗಳು ಒಂದೇ ಮಗ್ಗುಲಿಗೆ ಕೂತು ಚಪ್ಪಟೆಯಾಗುತ್ತವೆ. ಭಾನುವಾರ ಮುಂಜಾನೆ ಇಪ್ಪತ್ತು ಕಿಲೋಮೀಟರ್ ಓಡಿಸುವುದಕ್ಕಿಂತ ಒಳ್ಳೆಯ ಔಷಧ ಅದಕ್ಕಿಲ್ಲ. ಈಗ ಇಂಧನವೂ ಹೊಸ ಸವಾಲು ಒಡ್ಡಿದೆ. ಸೀಸರಹಿತ ಪೆಟ್ರೋಲ್ 2000ದಲ್ಲಿ ದೇಶದಾದ್ಯಂತ ಬಂದಾಗ ಹಳೆಯ ಕಾರುಗಳವರು ಗಾಬರಿಗೊಂಡಿದ್ದರು; ಈ ಎಂಜಿನ್‌ನ ಎಕ್ಸಾಸ್ಟ್ ವಾಲ್ವುಗಳ ಪೀಠಗಳು ಗಟ್ಟಿ ಲೋಹದವಾದ್ದರಿಂದ ಏನೂ ಆಗಲಿಲ್ಲ. ಇಪ್ಪತ್ತು ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನ ಸಂಗತಿ ಬೇರೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನಲ್ಲಿ ತುಕ್ಕು ಹುಟ್ಟಿಸುತ್ತದೆ. ಪಂಪಿನ ಡಯಾಫ್ರಮ್ಮನ್ನೂ ಪೈಪುಗಳನ್ನೂ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಿಸಲೇಬೇಕು. ಇಲ್ಲಿ ಮೂಲದ ಹಟ ಹಿಡಿಯುವುದು ಅಪಾಯ. ಪೆಟ್ರೋಲ್ ಸೋರಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಉಳಿಸಿಕೊಳ್ಳಲು ಕಾರೇ ಇರುವುದಿಲ್ಲ.

ಆದರೂ ನನ್ನನ್ನು ಹೆಚ್ಚಾಗಿ ಕಾಡುವುದು ಕಾರುಗಳ ಅಳಿವಲ್ಲ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ದಂಥ ಸಂಗ್ರಹಾಲಯಗಳಲ್ಲಿ ಅವು ಹೇಗೋ ಉಳಿಯುತ್ತವೆ. ಉಳಿಯುವುದು ಕಷ್ಟವಾಗಿರುವುದು ಕೈಕಸುಬು. ಆ ಕಾಲದಲ್ಲಿ ಬಾಡಿಯ ತಗಡುಗಳ ಬೆಸುಗೆಯ ಸಂದನ್ನು ಸೀಸದಿಂದ ತುಂಬುತ್ತಿದ್ದರು. ತಗಡಿಗೆ ಮೊದಲು ಕಲಾಯಿ ಹಾಕಿ, ಸೀಸದ ಕಡ್ಡಿಯನ್ನು ಜ್ವಾಲೆಯಲ್ಲಿ ಬೆಣ್ಣೆಯ ಹದಕ್ಕೆ ತಂದು, ಮೇಣ ಸವರಿದ ಮರದ ಸಟ್ಟುಗದಿಂದ ತೀಡಬೇಕು. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಕರಗಿ ನೆಲಕ್ಕೆ ಬೀಳುತ್ತದೆ. ಇಂದಿನ ಟಿಂಕರಿಂಗ್ ಅಂಗಡಿಗಳಲ್ಲಿ ಪುಟ್ಟಿ ಮೆತ್ತಿ ಉಜ್ಜುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ಅದು ಬಿರಿದು ಒಳಗೆ ತುಕ್ಕು ಶುರುವಾಗಿರುತ್ತದೆ. ಸೀಸದ ಕೆಲಸ ಬಲ್ಲ ಒಬ್ಬ ಉಸ್ತಾದರು ನನಗೆ ಗೊತ್ತು. ಎಪ್ಪತ್ತು ದಾಟಿದ್ದಾರೆ, ಕೈ ನಡುಗುವುದಿಲ್ಲ. ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ, ಅದು ಅವನ ದೃಷ್ಟಿಯಿಂದ ಸರಿಯೇ. ‘ಕಲಿಸಿಕೊಡುತ್ತೀರಾ’ ಎಂದು ಕೇಳಿದಾಗ ಅವರು ಹಾಕಿದ ಷರತ್ತು ಒಂದೇ: ಕಲಿಯಲು ಬರುವವರು ತಮ್ಮ ಅರವನ್ನು ತಾವೇ ಕೊಂಡು ತರಬೇಕು, ಎಮರಿ ಕಾಗದ ಮುಟ್ಟಬಾರದು. ಸೀಸದ ಧೂಳು ಎದೆಗೆ ಹೋಗುತ್ತದೆ. ಅರದಿಂದ ತೆಗೆದರೆ ಚೂರಾಗಿ ಕೆಳಗೆ ಬೀಳುತ್ತದೆ, ಗುಡಿಸಿ ಮತ್ತೆ ಕರಗಿಸಬಹುದು.

ಈಗ ಶನಿವಾರ ಮಧ್ಯಾಹ್ನ ಇಬ್ಬರು ಬರುತ್ತಿದ್ದಾರೆ. ಒಬ್ಬ ಗ್ಯಾರೇಜಿನ ಹುಡುಗ, ಇನ್ನೊಬ್ಬಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಮೂರು ತಿಂಗಳಾದರೂ ಉಸ್ತಾದರು ಅವರಿಗೆ ಕಾರು ಮುಟ್ಟಲು ಬಿಟ್ಟಿಲ್ಲ. ಗುಜರಿಯಿಂದ ತಂದ ಒಂದು ಹಳೆಯ ಬಾಗಿಲಿನ ಮೇಲೆ ಸೀಸ ಹಾಕಿಸಿ, ಕರಗಿಸಿ, ಮತ್ತೆ ಹಾಕಿಸುತ್ತಿದ್ದಾರೆ.